ಶೀಟ್ ಮನೆ ಬಿಟ್ಟುಕೊಡುವ ಮುಂಚೆ

ಪ್ರಶ್ನೆ: ಬೆಂಗಳೂರಿನ ಒಂದು ಸ್ಲಂನಲ್ಲಿದ್ದೇವೆ. ನಾನು ಗಾರ್ಮೆಂಟ್ಸ್‌ಗೆ ಹೋಗುತ್ತೇನೆ. ನಮ್ಮ ಕೇರಿಯಲ್ಲಿ ಸುಮಾರು 140 ಕುಟುಂಬಗಳಿವೆ, ಅದರಲ್ಲಿ ಮೂವತ್ತರಷ್ಟು ಬಾಡಿಗೆಯವರು. ಈಗಿನ ಮನೆಗಳನ್ನು ಕೆಡವಿ ಅಲ್ಲೇ ಜಿ ಪ್ಲಸ್ ತ್ರೀ, ಅಂದರೆ ನೆಲದ ಮನೆ ಮೇಲೆ ಮೂರು ಮಹಡಿ, ಕಟ್ಟಿಕೊಡುತ್ತೇವೆ, ಒಂದೂವರೆ ವರ್ಷ ಬೇರೆ ಕಡೆ ಇರಿ ಎಂದು ಅಧಿಕಾರಿಗಳು ಹೇಳಿದ್ದಾರೆ. ಕೆಲವರು ಆಗಲೇ ಸಹಿ ಹಾಕಿದ್ದಾರೆ. ಕೆಲವರು ಬೇಡವೇ ಬೇಡ ಅನ್ನುತ್ತಾರೆ. ಬಾಡಿಗೆಯವರು ಹೆದರಿದ್ದಾರೆ. ಒಗ್ಗಟ್ಟಾಗಿರಿ ಅಂತ ಎಲ್ಲರೂ ಹೇಳುತ್ತಾರೆ, ಹೇಗೆ ಅಂತ ಯಾರೂ ಹೇಳಲ್ಲ. ಒಪ್ಪಬೇಕಾ, ಬೇಡವಾ? ಇನ್ನೊಂದು ಮಾತು. ನನ್ನ ಗಂಡ ಬಿಟ್ಟು ಹೋಗಿ ವರ್ಷಗಳಾದವು. ಮನೆ ನನ್ನ ಹೆಸರಿಗೆ ಆಗುತ್ತಾ?

ಉತ್ತರ: ಒಪ್ಪಿ, ಆದರೆ ಇವತ್ತೇ ಬೇಡ.

ಇದ್ದ ಜಾಗದಲ್ಲೇ ಕಟ್ಟಿಕೊಡುತ್ತೇವೆ ಅನ್ನುವ ಮಾತು ಎಲ್ಲ ಕೇರಿಗೂ ಸಿಗುವುದಿಲ್ಲ. ಚೆನ್ನೈನಲ್ಲಿ ನದಿ ದಂಡೆ, ಕಾಲುವೆ ದಂಡೆಯಲ್ಲಿದ್ದ ಸಾವಿರಾರು ಕುಟುಂಬಗಳನ್ನು 2000ದಿಂದ ಈಚೆಗೆ ಊರಾಚೆಯ ಕಣ್ಣಗಿ ನಗರಕ್ಕೆ, ಆಮೇಲೆ ಪೆರುಂಬಾಕ್ಕಂಗೆ ಸಾಗಿಸಿದರು. ಮನೆಯೇನೋ ಸಿಕ್ಕಿತು. ಆದರೆ ಮನೆಗೆಲಸ ಮಾಡುತ್ತಿದ್ದ ಹೆಂಗಸರಿಗೆ ಕೆಲಸದ ಮನೆಗಳೇ ದೂರವಾದವು. ಮಕ್ಕಳಿಗೆ ಹಳೇ ಶಾಲೆ ತಪ್ಪಿತು. ನಿಮಗೆ ಹಾಗಾಗಿಲ್ಲ. ಅದಕ್ಕೇ ಬೇಡವೇ ಬೇಡ ಅನ್ನುವವರ ಜೊತೆ ನಾನಿಲ್ಲ. ಕೊಟ್ಟಾಗ ತಗೊಂಡುಬಿಡೋಣ, ಮಿಕ್ಕಿದ್ದು ಆಮೇಲೆ ನೋಡೋಣ ಅನ್ನುವವರ ಜೊತೆಯೂ ಇಲ್ಲ. ನಿಮ್ಮ ಬಲ ಇರುವುದು ಒಂದೇ ಕಡೆ: ಆ ಜಾಗದಲ್ಲಿ ನೀವು ಈಗ ವಾಸ ಇದ್ದೀರಿ. ಶೀಟ್ ಕಳಚಿ ಸಾಮಾನು ಎತ್ತಿದ ದಿನ ಆ ಬಲ ಹೋಯಿತು. ಕೇಳಬೇಕಾದ್ದನ್ನೆಲ್ಲ ಅದಕ್ಕೂ ಮುಂಚೆ ಕೇಳಿ, ಕಾಗದದ ಮೇಲೆ ಪಡೆದುಕೊಳ್ಳಬೇಕು.

ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ನಮ್ಮ ಬೆಂಗಳೂರಿನಲ್ಲೇ ಈಜಿಪುರ ಇದೆ. ಬಡವರಿಗಾಗಿ ಪಾಲಿಕೆ ಕಟ್ಟಿದ್ದ ಕ್ವಾರ್ಟರ್ಸ್ ಅವು, ಸಾವಿರದ ಐನೂರಕ್ಕೂ ಹೆಚ್ಚು ಮನೆ. ಕಟ್ಟಡದ ಗುಣಮಟ್ಟ ಎಷ್ಟು ಕೆಟ್ಟದಾಗಿತ್ತು ಅಂದರೆ ಒಂದು ಭಾಗ ಕುಸಿದೇ ಹೋಯಿತು. ಆಮೇಲೆ ಉಳಿದವನ್ನೂ ಕೆಡವಿದರು. ಜನ ಅದೇ ಜಾಗದಲ್ಲಿ ತಗಡಿನ ಶೆಡ್ ಹಾಕಿಕೊಂಡು ಹೊಸ ಮನೆಗಾಗಿ ಕಾದರು. ತಿಂಗಳಲ್ಲ, ವರ್ಷಗಟ್ಟಲೆ ಕಾದರು. ಅಷ್ಟರಲ್ಲಿ ಆ ಜಾಗವನ್ನು ಖಾಸಗಿ ಸಹಭಾಗಿತ್ವದಲ್ಲಿ ಅಭಿವೃದ್ಧಿ ಮಾಡುವ ಯೋಜನೆ ಬಂತು. ಒಂದು ಭಾಗದಲ್ಲಿ ಮನೆ, ಇನ್ನೊಂದು ಭಾಗದಲ್ಲಿ ವಾಣಿಜ್ಯ ಕಟ್ಟಡ. 2013ರ ಜನವರಿಯಲ್ಲಿ ಪೊಲೀಸರನ್ನು ನಿಲ್ಲಿಸಿ ಶೆಡ್‌ಗಳನ್ನು ನೆಲಸಮ ಮಾಡಿದರು. ಸುಮಾರು 1,500 ಕುಟುಂಬಗಳು ಚಳಿಯಲ್ಲಿ ರಸ್ತೆ ಪಕ್ಕ ಕೂತವು. ಆಗ ಎದ್ದ ದೊಡ್ಡ ತಕರಾರು ಯಾವುದು ಗೊತ್ತಾ? ಮನೆ ಕೊಡುವುದು ಮೊದಲು ಹಂಚಿಕೆ ಆದವರಿಗೆ, ಈಗ ಶೆಡ್‌ನಲ್ಲಿ ಇರುವವರಲ್ಲಿ ಎಷ್ಟೋ ಜನ ಬಾಡಿಗೆಯವರು, ಆಮೇಲೆ ಕೊಂಡು ಬಂದವರು ಅನ್ನುವುದು. ಪಟ್ಟಿಯಲ್ಲಿ ಇರುವ ಹೆಸರು ಬೇರೆ, ನೆಲದ ಮೇಲೆ ಇರುವ ಮನುಷ್ಯ ಬೇರೆ. ಈ ಅಂತರವನ್ನು ಮೊದಲೇ ಮುಚ್ಚದಿದ್ದರೆ ಅದರೊಳಗೆ ಯಾರು ಬೇಕಾದರೂ ಕೈ ಹಾಕಬಹುದು.

ಹಾಗಾಗಿ ಪಟ್ಟಿಯಿಂದಲೇ ಶುರು ಮಾಡೋಣ. ನಿಮ್ಮ ಪತ್ರದಲ್ಲಿ ಬಾಡಿಗೆಯವರದ್ದು ಒಂದೇ ಸಾಲು ಇದೆ. ನನಗೆ ಇಡೀ ಪ್ರಶ್ನೆ ಅಲ್ಲೇ ಇದೆ ಅನ್ನಿಸುತ್ತದೆ.

ನಿಮ್ಮ ಕೇರಿಯಲ್ಲಿ ಸ್ವಂತ ಶೆಡ್ ಇರುವ 110 ಜನ ಒಳಗೊಳಗೇ ಏನು ಯೋಚಿಸುತ್ತಿರಬಹುದು ಅಂತ ಊಹಿಸುವುದು ಕಷ್ಟವಲ್ಲ. ಬಾಡಿಗೆಯವರು ನಿನ್ನೆ ಮೊನ್ನೆ ಬಂದವರು, ಅವರಿಗೂ ಮನೆ ಅಂದರೆ ನಮಗೆ ಕಮ್ಮಿಯಾಗುತ್ತದೆ. ಅವರನ್ನು ಬಿಟ್ಟು ನಾವು ಸಹಿ ಹಾಕಿಬಿಟ್ಟರೆ ಕೆಲಸ ಬೇಗ ಆಗುತ್ತದೆ. ಈ ಲೆಕ್ಕ ತಪ್ಪು. ನ್ಯಾಯದ ಮಾತು ಪಕ್ಕಕ್ಕಿರಲಿ, ಬರೀ ಲೆಕ್ಕವಾಗಿಯೂ ತಪ್ಪು. ಒಂದೇ ನೆಲದಲ್ಲಿ ಹರಡಿರುವ ಶೆಡ್‌ಗಳ ಜಾಗದಲ್ಲಿ ನಾಲ್ಕು ಹಂತ ಮನೆ ಎದ್ದರೆ, ಓಣಿಗೆ, ಸಂಪಿಗೆ, ಕಟ್ಟಡಗಳ ನಡುವಿನ ಜಾಗಕ್ಕೆ ಬಿಟ್ಟ ಮೇಲೂ 110ಕ್ಕಿಂತ ಜಾಸ್ತಿ ಮನೆ ಕೂರುವ ಸಾಧ್ಯತೆಯೇ ಹೆಚ್ಚು. ಆ ಹೆಚ್ಚುವರಿ ಮನೆಗಳು ಖಾಲಿ ಬಿದ್ದಿರುತ್ತವಾ? ನಿಮ್ಮ ಬಾಡಿಗೆಯವರಿಗೆ ಹೋಗದಿದ್ದರೆ ಹೊರಗಿನವರಿಗೆ ಹೋಗುತ್ತವೆ. ಯಾರ ಶಿಫಾರಸಿನ ಮೇಲೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಮಕ್ಕಳನ್ನು ಎತ್ತಿ ಆಡಿಸಿದ ಬಾಡಿಗೆಯವರು ಬೇಕೋ, ಮುಖ ಕಾಣದವರು ಬೇಕೋ ಅಂತ ಸಭೆಯಲ್ಲಿ ಹೀಗೇ ನೇರವಾಗಿ ಕೇಳಿ.

ಇನ್ನೊಂದು ಕಾರಣವೂ ಇದೆ. ಮೂವತ್ತು ಕುಟುಂಬಗಳನ್ನು ಹೊರಗಿಟ್ಟರೆ ಅವರು ಸುಮ್ಮನೆ ಹೋಗುವುದಿಲ್ಲ. ಅವರಿಗೂ ರೇಷನ್ ಕಾರ್ಡ್, ವೋಟರ್ ಕಾರ್ಡ್ ಅದೇ ವಿಳಾಸದಲ್ಲಿದೆ. ಅರ್ಜಿ ಹಾಕುತ್ತಾರೆ, ಕೋರ್ಟಿಗೆ ಹೋಗುತ್ತಾರೆ. ಹೋಗಲೂಬೇಕು. ತಡೆಯಾಜ್ಞೆ ಬಂದರೆ ಅರ್ಧ ಕಟ್ಟಿದ ಕಂಬಗಳು ನಿಂತಲ್ಲೇ ನಿಲ್ಲುತ್ತವೆ. ಆಗ ಬೇರೆಲ್ಲೋ ಬಾಡಿಗೆ ಕಟ್ಟುತ್ತಾ ಕಾಯುವವರು ನೀವೇ.

ಬಾಡಿಗೆಯವರೆಲ್ಲರಿಗೂ ಒಂದೇ ರೀತಿ ಹಕ್ಕು ಸಿಗುತ್ತದೆ ಅಂತ ನಾನು ಹೇಳುತ್ತಿಲ್ಲ. ಎಷ್ಟು ವರ್ಷದಿಂದ ಇದ್ದಾರೆ, ಬೇರೆಲ್ಲಾದರೂ ಪಕ್ಕಾ ಮನೆ ಇದೆಯಾ ಅನ್ನುವುದು ಲೆಕ್ಕಕ್ಕೆ ಬರುತ್ತದೆ. ಆದರೆ ಆ ಮಾತು ಮುಂದಿನದು. ಮೊದಲು ಎಲ್ಲರನ್ನೂ ಎಣಿಸಬೇಕು. ಶೆಡ್ಡಿನ ಒಡೆಯರು ಬೇರೆ ಕಡೆ ಇದ್ದು ಬಾಡಿಗೆ ಮಾತ್ರ ಎತ್ತುತ್ತಿದ್ದರೆ ಅದನ್ನೂ ಬರೆಯಬೇಕು. ಒಂದೇ ಶೆಡ್‌ನಲ್ಲಿ ಮದುವೆಯಾದ ಅಣ್ಣ ತಮ್ಮ ಇದ್ದರೆ ಎರಡು ಕುಟುಂಬ ಎಂದೇ ಬರೆಯಬೇಕು. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಿಯಮದಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಸರ್ವೆಗೆ ಬಂದವರು ಬಾಗಿಲು ಎಣಿಸಿಕೊಂಡು ಹೋಗಿಬಿಟ್ಟರೆ ತಮ್ಮನ ಸಂಸಾರ ಪಟ್ಟಿಯಿಂದ ಹೊರಗೆ ಉಳಿಯುತ್ತದೆ.

ಈ ಎಣಿಕೆಯನ್ನು ನೀವೇ ಮಾಡಿ. ಯಾರೋ ಬಂದು ಮಾಡಲಿ ಅಂತ ಕಾಯಬೇಡಿ. ಇದು ನನ್ನ ಸ್ವಂತ ಐಡಿಯಾ ಏನಲ್ಲ. ಕೋಲಾರದ ಕೆಜಿಎಫ್‌ನಲ್ಲಿ ಹುಟ್ಟಿ, ಹದಿಹರೆಯದಲ್ಲೇ ಮುಂಬೈಗೆ ಹೋದ ಜಾಕಿನ್ ಅರ್ಪುತಂ ಎಂಬುವರಿದ್ದರು. ಅಲ್ಲಿ ಜನತಾ ಕಾಲನಿ ಅನ್ನುವ ಕೊಳಗೇರಿಯಲ್ಲಿ ಬಡಗಿ ಕೆಲಸ ಮಾಡಿಕೊಂಡಿದ್ದರು. ಕಸ ಎತ್ತದ ಪಾಲಿಕೆಗೆ ಬುದ್ಧಿ ಕಲಿಸಲು ಕೇರಿಯ ಮಕ್ಕಳ ಕೈಗೆ ಕಸದ ಪೊಟ್ಟಣ ಕೊಟ್ಟು ಪಾಲಿಕೆ ಕಚೇರಿ ಎದುರಿಗೇ ಸುರಿಸಿದವರು ಅವರು. 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ಆ ಕಾಲನಿಯನ್ನು ಎಬ್ಬಿಸಿಯೇ ಬಿಟ್ಟರು. ಎಬ್ಬಿಸಿದವರನ್ನು ಚೀತಾ ಕ್ಯಾಂಪ್‌ಗೆ ಕಳಿಸಿದರು. ವರ್ಷಗಟ್ಟಲೆ ಹೋರಾಡಿಯೂ ಸೋತ ಮೇಲೆ ಜಾಕಿನ್ ದಾರಿ ಬದಲಿಸಿದರು. ಬರೀ ಧಿಕ್ಕಾರ ಕೂಗಿದರೆ ಸಾಲದು, ಸರ್ಕಾರದ ಹತ್ತಿರ ಇಲ್ಲದ ಲೆಕ್ಕ ನಮ್ಮ ಹತ್ತಿರ ಇರಬೇಕು ಅಂದರು. ಅವರು ಕಟ್ಟಿದ ಸ್ಲಂ ನಿವಾಸಿಗಳ ಒಕ್ಕೂಟ, ಬೈಕುಲ್ಲಾದ ಫುಟ್‌ಪಾತ್ ಹೆಂಗಸರ ಮಹಿಳಾ ಮಿಲನ್ ಒಟ್ಟಿಗೆ ಸೇರಿ ಮನೆಮನೆ ಎಣಿಕೆ ಮತ್ತು ದಿನದ ಉಳಿತಾಯ, ಈ ಎರಡನ್ನೇ ಕೆಲಸ ಮಾಡಿಕೊಂಡವು. 2000ದಲ್ಲಿ ಜಾಕಿನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2018ರಲ್ಲಿ ತೀರಿಕೊಂಡರು. ನಮ್ಮ ರಾಜ್ಯದಲ್ಲಿ ಅವರ ಹೆಸರು ಗೊತ್ತಿರುವವರು ಕಡಿಮೆ, ಅದು ನನಗೆ ಸದಾ ಬೇಸರದ ಸಂಗತಿ.

ಎಣಿಕೆಗೆ ಬೇಕಾದ್ದು ಒಂದು ಲಾಂಗ್ ಬುಕ್, ಒಂದು ಅಳತೆ ಟೇಪು, ಕ್ಯಾಮೆರಾ ಇರುವ ಮೊಬೈಲು. ಪಿಯುಸಿ ಓದುವ ಹುಡುಗ ಹುಡುಗಿಯರು ಸಾಕು. ಪ್ರತಿ ಬಾಗಿಲಿಗೆ ಬಣ್ಣದಲ್ಲಿ ನಂಬರ್ ಬರೆಯಿರಿ. ಮನೆಯವರನ್ನು ಬಾಗಿಲ ಮುಂದೆ ನಿಲ್ಲಿಸಿ ಫೋಟೋ ತೆಗೆಯಿರಿ. ಯಾರಿದ್ದಾರೆ, ಎಷ್ಟು ವರ್ಷದಿಂದ, ಸ್ವಂತವೋ ಬಾಡಿಗೆಯೋ ಭೋಗ್ಯವೋ, ಏನು ಕೆಲಸ, ಹಾಸಿಗೆ ಹಿಡಿದವರು, ಅಂಗವಿಕಲರು ಇದ್ದಾರಾ, ಯಾವ ಯಾವ ದಾಖಲೆ ಇದೆ, ಎಲ್ಲ ಬರೆಯಿರಿ. ಹಳೇ ಕರೆಂಟ್ ಬಿಲ್ಲು, ಸ್ಲಂ ಬೋರ್ಡಿನ ಗುರುತಿನ ಪತ್ರ, ಮಗುವಿನ ಶಾಲೆ ಸರ್ಟಿಫಿಕೇಟು, ಎಲ್ಲಕ್ಕೂ ಬೆಲೆ ಇದೆ. ಮುಗಿದ ಮೇಲೆ ಪಟ್ಟಿಯನ್ನು ಗಟ್ಟಿಯಾಗಿ ಓದಿಸಿ. ಮೊದಲ ಓದಿಗೆ ಜಗಳ ಆಗುತ್ತದೆ. ಆಗಲಿ. ಆ ಜಗಳ ಈಗಲೇ, ನಿಮ್ಮ ನಿಮ್ಮಲ್ಲೇ ಆಗಿಬಿಡುವುದು ಒಳ್ಳೆಯದು. ಆಮೇಲೆ ಎಲ್ಲರ ಸಹಿ ಹಾಕಿಸಿ, ಒಂದು ಪ್ರತಿಯನ್ನು ಕಚೇರಿಗೆ ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಅವರ ಫಲಾನುಭವಿ ಪಟ್ಟಿ ಬಂದಾಗ ಪಕ್ಕ ಪಕ್ಕ ಇಟ್ಟು ನೋಡಲು ನಿಮ್ಮದೊಂದು ಪಟ್ಟಿ ಇರುತ್ತದೆ.

ಸಂಘ ಕಟ್ಟುವುದು ಹೇಗೆ ಅಂತೀರಿ. ನಿಮ್ಮ ಕೇರಿಯಲ್ಲಿ ಸಂಘ ಇಲ್ಲ ಅಂದರೆ ನಾನು ನಂಬಲ್ಲ. ಗಣಪತಿ ಕೂರಿಸಲು ಚಂದಾ ಎತ್ತುವವರು ಯಾರು? ಅಂಬೇಡ್ಕರ್ ಜಯಂತಿಗೆ ಪೆಂಡಾಲ್ ಹಾಕಿಸುವವರು? ಟ್ಯಾಂಕರ್ ಬಂದಾಗ ಸಾಲು ನಿಲ್ಲಿಸುವ ಅಕ್ಕ? ಅವರೆಲ್ಲ ಒಂದೇ ಚಾಪೆ ಮೇಲೆ ಕೂತರೆ ಸಂಘ ಆಯಿತು. ಸೊಸೈಟಿ ಕಾಯ್ದೆಯಡಿ ನೋಂದಣಿ ಮಾಡಿಸುವುದು ಎರಡನೇ ಹೆಜ್ಜೆ. ಕಷ್ಟ ಇರುವುದು ಬೇರೆ ಕಡೆ. ಬೆಂಗಳೂರಿನ ಕೇರಿಗಳಲ್ಲಿ ತಮಿಳಿನವರು, ತೆಲುಗಿನವರು, ರಾಯಚೂರು ಕಲಬುರಗಿಯಿಂದ ಬಂದವರು, ದಲಿತರು, ಮುಸ್ಲಿಮರು ಎಲ್ಲ ಒಂದೊಂದು ಓಣಿಯಲ್ಲಿ ಇರುತ್ತಾರೆ. ಪ್ರತಿ ಓಣಿಗೂ ಒಬ್ಬ ಲೀಡರ್, ಪ್ರತಿ ಲೀಡರ್‌ಗೂ ಒಂದು ಪಕ್ಷ. ದುಡ್ಡಿಗಿಂತ ಜಾಸ್ತಿ ಒಗ್ಗಟ್ಟು ಮುರಿದದ್ದು ಮಾರಮ್ಮನ ಗುಡಿ ಎಲ್ಲಿ ಬರಬೇಕು, ದರ್ಗಾ ಎಲ್ಲಿ, ಅಂಬೇಡ್ಕರ್ ಹೆಸರಿನ ನೀಲಿ ಬೋರ್ಡು ಎಲ್ಲಿ ಅನ್ನುವ ಪ್ರಶ್ನೆಗಳಲ್ಲಿ. ನಕ್ಷೆ ಬರುವ ಮುಂಚೆಯೇ ಇವುಗಳ ಜಾಗ ಮಾತಾಡಿಕೊಂಡು ಬಿಡಿ. ಸಮಿತಿಯಲ್ಲಿ ಓಣಿಗೆ ಇಬ್ಬರು ಇರಲಿ, ಅದರಲ್ಲಿ ಒಬ್ಬರಾದರೂ ಹೆಂಗಸಾಗಿರಲಿ. ಒಟ್ಟು ಸಮಿತಿಯಲ್ಲಿ ಒಬ್ಬರಾದರೂ ಬಾಡಿಗೆಯವರು ಇರಲೇಬೇಕು. ಒಬ್ಬರೇ ಕಚೇರಿಗೆ ಹೋಗುವುದನ್ನು ನಿಷೇಧ ಮಾಡಿ. ಒಳ್ಳೆಯವರೇ ಇರಲಿ, ಒಬ್ಬರೇ ಹೋಗಿ ಬಂದರೆ ಸಂಜೆಯೊಳಗೆ ಅನುಮಾನ ಹುಟ್ಟುತ್ತದೆ. ಪ್ರತಿ ಸಭೆಯ ನಡಾವಳಿ ಬರೆದು, ಓದಿ ಹೇಳಿ, ಸಹಿ ಹಾಕಿಸಿ. ರಾಜ್ಯದ ಕೊಳಗೇರಿಗಳಲ್ಲಿ ಬಹಳ ವರ್ಷದಿಂದ ಕೆಲಸ ಮಾಡುತ್ತಿರುವ ಸ್ಲಂ ಜನಾಂದೋಲನದಂಥ ಸಂಘಟನೆಗಳೂ ಇವೆ. ಸಲಹೆ ಪಡೆಯಿರಿ, ಆದರೆ ನಿಮ್ಮ ಪರವಾಗಿ ತೀರ್ಮಾನ ಮಾಡಲು ಯಾರಿಗೂ ಬಿಡಬೇಡಿ.

ಈಗಾಗಲೇ ಸಹಿ ಹಾಕಿದವರನ್ನು ದ್ರೋಹಿಗಳು ಅನ್ನಬೇಡಿ. ಅವರು ಯಾವ ಕಾಗದಕ್ಕೆ ಸಹಿ ಹಾಕಿದ್ದಾರೋ ಅದರ ಪ್ರತಿ ತರಿಸಿ ನೋಡಿ. ಬರೀ ಸರ್ವೆ ಹಾಜರಿ ಇರಬಹುದು, ಒಪ್ಪಿಗೆ ಪತ್ರವೂ ಇರಬಹುದು.

ಇನ್ನು ಕಾನೂನಿನ ಕಾಗದ. ನಮ್ಮಲ್ಲಿ ಇರುವುದು 1973ರ ಕರ್ನಾಟಕ ಕೊಳಚೆ ಪ್ರದೇಶಗಳ ಕಾಯ್ದೆ. ಅದರ 3ನೇ ಸೆಕ್ಷನ್‌ನಲ್ಲಿ ಸ್ಲಂ ಎಂದು ಘೋಷಣೆ ಆಗುತ್ತದೆ. 11ನೇ ಸೆಕ್ಷನ್‌ನಲ್ಲಿ ತೆರವು ಪ್ರದೇಶ ಎಂದು ಘೋಷಿಸುತ್ತಾರೆ. 17ನೇ ಸೆಕ್ಷನ್‌ನಲ್ಲಿ ಜಾಗವನ್ನು ಸ್ವಾಧೀನ ಮಾಡಿಕೊಳ್ಳುತ್ತಾರೆ. ನಿಮ್ಮದು ಎಲ್ಲಿಯವರೆಗೆ ಬಂದಿದೆ? ಘೋಷಿತ ಸ್ಲಂ ಅಂದ ಮಾತ್ರಕ್ಕೆ ಜಾಗ ನಿಮ್ಮದಾಗಲ್ಲ. ಅದು ಖಾಸಗಿಯವರದ್ದೋ, ಪಾಲಿಕೆಯದ್ದೋ, ರೈಲ್ವೆಯದ್ದೋ ಇರಬಹುದು. ಖಾಸಗಿ ಜಾಗವಾಗಿದ್ದು ಸ್ವಾಧೀನ ಮುಗಿದಿಲ್ಲ ಅಂದರೆ, ಕಟ್ಟಡ ಎದ್ದ ಮೇಲೂ ಹಕ್ಕುಪತ್ರ ಸಿಗದೆ ಒದ್ದಾಡುವ ಪರಿಸ್ಥಿತಿ ಬರುತ್ತದೆ. ಕೇರಿಯ ಅಂಚಿನಲ್ಲಿ ರಾಜಕಾಲುವೆ ಇದೆಯಾ ನೋಡಿಕೊಳ್ಳಿ. ಆ ಪಕ್ಕದ ಮನೆಗಳ ಸ್ಥಿತಿ ಬೇರೆಯೇ. ಕೆಡವುವ ಮುಂಚೆ 15 ದಿನದ ನೋಟಿಸ್ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿತು, ನಿಜ. ಆದರೆ ರಸ್ತೆ, ಫುಟ್‌ಪಾತ್, ಜಲಮೂಲಗಳ ಒತ್ತುವರಿಯನ್ನು ಆ ಆದೇಶದಿಂದ ಹೊರಗಿಟ್ಟಿದೆ. ಅಂಥ ಮನೆಗಳವರಿಗೆ ಹೊಸ ಕಟ್ಟಡದಲ್ಲಿ ಮೊದಲು ಹೆಸರು ಹಾಕಿಸಿ.

ಇದನ್ನೆಲ್ಲ ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಸಾಕು. ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಘೋಷಣೆಯ ಅಧಿಸೂಚನೆ, ಜಾಗದ ಪಹಣಿ, ಯೋಜನಾ ವರದಿ ಅಂದರೆ ಡಿಪಿಆರ್, ಮಂಜೂರಾದ ನಕ್ಷೆ, ಗುತ್ತಿಗೆದಾರರಿಗೆ ಕೊಟ್ಟ ಕಾರ್ಯಾದೇಶ, ಅದರಲ್ಲಿ ಕೆಲಸ ಮುಗಿಸಬೇಕಾದ ತಾರೀಕು, ಇಷ್ಟನ್ನು ಕೇಳಿ. ಹಣ ಯಾವ ಯೋಜನೆಯಿಂದ ಬರುತ್ತಿದೆ ಅಂತಲೂ ಕೇಳಿ. 2015ರಲ್ಲಿ ಶುರುವಾದ ಆವಾಸ್ ಯೋಜನೆಯಲ್ಲಿ ಸ್ಲಂ ಇದ್ದಲ್ಲೇ ಮನೆ ಕಟ್ಟುವುದಕ್ಕೆ ಪ್ರತ್ಯೇಕ ವಿಭಾಗ ಇತ್ತು. 2024ರಲ್ಲಿ ಬಂದ ಎರಡನೇ ಹಂತದಲ್ಲಿ ಆ ವಿಭಾಗ ಇಲ್ಲ. ಹಣದ ಮೂಲ ಬದಲಾದರೆ ನಿಮ್ಮ ಪಾಲಿನ ಮೊತ್ತವೂ ಬದಲಾಗಬಹುದು.

ಜಿ ಪ್ಲಸ್ ತ್ರೀ ಒಂದೇ ದಾರಿಯೇನಲ್ಲ ಅನ್ನುವುದೂ ಗೊತ್ತಿರಲಿ. ಹಕ್ಕುಪತ್ರ ಕೈಯಲ್ಲಿದ್ದು, ಪ್ರತಿಯೊಬ್ಬರಿಗೂ ಹದಿನೈದಕ್ಕೆ ಇಪ್ಪತ್ತು ಅಡಿಯ ಜಾಗ ಸಿಗುವಂತಿದ್ದರೆ, ಸಹಾಯಧನ ಪಡೆದು ಅವರವರ ಮನೆ ಅವರವರೇ ಕಟ್ಟಿಕೊಳ್ಳಬಹುದು. ಹೊಸ ಹಂತದಲ್ಲಿ ಕೇಂದ್ರ ಮತ್ತು ರಾಜ್ಯದ ಪಾಲು ಸೇರಿ ಮನೆಗೆ 2.5 ಲಕ್ಷದ ಲೆಕ್ಕ ಇದೆ. ಅಂಥ ಕಡೆ ನಾನು ಅಪಾರ್ಟ್‌ಮೆಂಟ್ ಬೇಡ ಅನ್ನುತ್ತೇನೆ. ಸ್ವಂತ ನೆಲ ಇದ್ದರೆ ಮಗ ದೊಡ್ಡವನಾದಾಗ ಮೇಲೊಂದು ರೂಮು ಏರಿಸಬಹುದು, ಮುಂದೆ ಒಂದು ಅಂಗಡಿ ಹಾಕಬಹುದು. ಆದರೆ 140 ಕುಟುಂಬ ಇಕ್ಕಟ್ಟಿನಲ್ಲಿ ಇದ್ದರೆ ಆ ಲೆಕ್ಕ ಕೂಡಲ್ಲ, ಮೇಲೆ ಹೋಗಲೇಬೇಕು.

ಮೇಲೆ ಹೋಗುವುದಾದರೆ ನಕ್ಷೆ ನೋಡಿ ಒಪ್ಪಿ. ಕಾಗದದ ನಕ್ಷೆ ನೋಡಿ ಅರ್ಥ ಮಾಡಿಕೊಳ್ಳುವುದು ಇಂಜಿನಿಯರ್‌ಗಳಿಗೇ ಕೆಲವೊಮ್ಮೆ ಕಷ್ಟ. ಬೈಕುಲ್ಲಾದ ಹೆಂಗಸರು ನಿಜ ಅಳತೆಯ ಮಾದರಿ ಮನೆಯನ್ನೇ ನಿಲ್ಲಿಸಿ ಒಳಗೆ ಓಡಾಡಿ ನೋಡಿದ್ದರು. ನೀವು ಅಷ್ಟು ಮಾಡಬೇಕಿಲ್ಲ. ಒಂದು ಭಾನುವಾರ ಶಾಲೆ ಮೈದಾನದಲ್ಲಿ ಸುಣ್ಣದ ಪುಡಿಯಿಂದ ನೆಲದ ಮೇಲೆ ಮನೆ ಬರೆಯಿರಿ. ಬಡವರ ಮನೆಗೆ 2015ರ ಯೋಜನೆಯಲ್ಲಿ ಇದ್ದ ಅಳತೆ 30 ಚದರ ಮೀಟರ್, ಅಂದರೆ ಸುಮಾರು 323 ಚದರಡಿ. ಅದರೊಳಗೆ ಹಾಲ್, ರೂಮು, ಅಡುಗೆ ಮನೆ, ಬಚ್ಚಲು ಬರೆದು ಐದು ಜನ ಮಲಗಿ ನೋಡಿ. ಅಡುಗೆ ಮನೆಯ ಹೊಗೆ ಎಲ್ಲಿ ಹೋಗುತ್ತದೆ? ಬಟ್ಟೆ ಎಲ್ಲಿ ಒಣಗಿಸುತ್ತೀರಿ? ಹೊಲಿಗೆ ಮೆಷಿನ್ ಎಲ್ಲಿ ಇಡುತ್ತೀರಿ? ತಳ್ಳುಗಾಡಿ, ಆಟೊ ರಾತ್ರಿ ಎಲ್ಲಿ ನಿಲ್ಲುತ್ತವೆ? ಮೂರನೇ ಮಹಡಿಯವರು ಇಡ್ಲಿ ಪಾತ್ರೆ ಹೊತ್ತು ದಿನಾ ಇಳಿಯಬೇಕು, ಲಿಫ್ಟ್ ಇರಲ್ಲ. ಹೂ ಕಟ್ಟುವವರು, ಊದುಬತ್ತಿ ಹೊಸೆಯುವವರು ಈಗ ಬಾಗಿಲ ಮುಂದೆ ಕೂತು ನಾಲ್ಕು ಜನ ಮಾತಾಡುತ್ತಾ ಕೆಲಸ ಮಾಡುತ್ತಾರೆ. ಹೊಸ ಕಟ್ಟಡದಲ್ಲಿ ಮೆಟ್ಟಿಲ ಬಳಿ ಎರಡಡಿ ಪಡಸಾಲೆ ಹೆಚ್ಚಿಗೆ ಬಿಟ್ಟರೆ ಆ ಕೆಲಸ ಉಳಿಯುತ್ತದೆ, ಬಿಡದಿದ್ದರೆ ಹೋಗುತ್ತದೆ.

ಗಾಳಿ ಬೆಳಕಿನ ಬಗ್ಗೆ ಮಾತ್ರ ಹಟ ಹಿಡಿಯಿರಿ. ಮುಂಬೈನ ಗೋವಂಡಿ, ಮಾನ್‌ಖುರ್ದ್ ಕಡೆಯ ಪುನರ್ವಸತಿ ಕಾಲನಿಗಳಲ್ಲಿ ಕಟ್ಟಡಗಳನ್ನು ಒಂದಕ್ಕೊಂದು ಒತ್ತಿ ಕಟ್ಟಿದ್ದಾರೆ. ನಡುವೆ ಇರುವ ಜಾಗ ಮೂರು ಮೀಟರ್‌ನಷ್ಟು. ಕೆಳ ಮಹಡಿಗಳಿಗೆ ಬಿಸಿಲೇ ಇಳಿಯುವುದಿಲ್ಲ. ಅಲ್ಲಿ ಕ್ಷಯ ಜಾಸ್ತಿ ಇರುವುದಕ್ಕೂ ಈ ಕಟ್ಟಡ ವಿನ್ಯಾಸಕ್ಕೂ ಸಂಬಂಧ ಇದೆ ಎಂದು 2018ರಲ್ಲಿ ಬಂದ ಅಧ್ಯಯನ ತೋರಿಸಿತು. ನಿಮ್ಮ ನಕ್ಷೆಯಲ್ಲಿ ಎರಡು ಬ್ಲಾಕುಗಳ ನಡುವೆ ಎಷ್ಟು ಅಡಿ ಇದೆ ಅಂತ ಕೇಳಿ. ಪ್ರತಿ ಮನೆಗೂ ಎರಡು ಕಡೆ ಕಿಟಕಿ ಇದೆಯಾ ನೋಡಿ. ಟೈಲ್ಸ್ ಬಣ್ಣದ ಬಗ್ಗೆ ಚರ್ಚೆ ಮಾಡಲು ಕರೆದರೆ ಹೋಗಬೇಡಿ, ಕಿಟಕಿ ಬಗ್ಗೆ ಚರ್ಚೆಗೆ ನೀವಾಗೇ ಹೋಗಿ.

ದುಡ್ಡಿನ ವಿಷಯ. ರಾಜ್ಯ ಸರ್ಕಾರ ಫಲಾನುಭವಿಯ ಪಾಲನ್ನು 1 ಲಕ್ಷಕ್ಕೆ ಇಳಿಸಿ, ಉಳಿದದ್ದನ್ನು ತಾನೇ ಭರಿಸುವ ತೀರ್ಮಾನ ಮಾಡಿ 2024ರ ಮಾರ್ಚ್‌ನಲ್ಲಿ ಸಾವಿರಾರು ಮನೆ ಹಂಚಿತು. ಅದು ಆಗಿನ ಮನೆಗಳ ಮಾತು. ನಿಮ್ಮ ಯೋಜನೆಗೂ ಅದೇ ಮೊತ್ತವಾ ಎಂದು ಲಿಖಿತವಾಗಿ ಕೇಳಿ. ಕಟ್ಟುವುದು ಡಿಡಿ ಅಥವಾ ಬ್ಯಾಂಕ್ ಚಲನ್ ಮೂಲಕ ಮಾತ್ರ. ಯಾರ ಕೈಗೂ ನಗದು ಕೊಡಬೇಡಿ, ನಿಮ್ಮ ಸಮಿತಿಯವರ ಕೈಗೂ ಬೇಡ. ಆ ಒಂದು ಲಕ್ಷಕ್ಕಾಗಿ ಮೈಕ್ರೋ ಫೈನಾನ್ಸ್‌ಗೆ ಹೋಗಬೇಡಿ. ಅವರ ಕಿರುಕುಳ ತಡೆಯಲು 2025ರಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು ಅಂದಮೇಲೆ ಹೆಚ್ಚು ಹೇಳುವುದೇನಿದೆ?

ಬೇರೆ ದಾರಿ ಇದೆ. ಥಾಯ್ಲೆಂಡ್‌ನಲ್ಲಿ 2003ರಿಂದ ಬಾನ್ ಮನ್‌ಕಾಂಗ್ ಎಂಬ ಯೋಜನೆ ನಡೆಯುತ್ತಿದೆ. ಅಲ್ಲಿನ ಸರ್ಕಾರಿ ಸಂಸ್ಥೆ ಸಾಲ ಕೊಡುವುದು ಒಬ್ಬೊಬ್ಬರಿಗಲ್ಲ, ಇಡೀ ಕೇರಿಯ ಸಹಕಾರ ಸಂಘಕ್ಕೆ. ಸಂಘ ಮೊದಲು ಕೆಲವು ಕಾಲ ಉಳಿತಾಯ ಮಾಡಿ ತೋರಿಸಬೇಕು. ಸದಸ್ಯರಿಗೆ ಸ್ವಲ್ಪ ಜಾಸ್ತಿ ಬಡ್ಡಿಗೆ ಕೊಟ್ಟು, ಆ ವ್ಯತ್ಯಾಸದ ಹಣವನ್ನು ಕಂತು ತಪ್ಪಿದವರ ಕಷ್ಟಕಾಲಕ್ಕೆ ಇಟ್ಟುಕೊಳ್ಳುತ್ತದೆ. ಜಾಗವೂ ಬಹಳ ಕಡೆ ಸಂಘದ ಹೆಸರಲ್ಲೇ ಗುತ್ತಿಗೆಗೆ ಇರುತ್ತದೆ, ಹಾಗಾಗಿ ಒಬ್ಬರು ಮಾರಿ ಹೋಗಲು ಆಗುವುದಿಲ್ಲ. ನಮ್ಮ ನಿಯಮದಲ್ಲಿ ಇದೆಲ್ಲ ಇಲ್ಲ. ಆದರೆ ಉಳಿತಾಯದ ಭಾಗವನ್ನು ಇವತ್ತೇ ಶುರು ಮಾಡಲು ಯಾರ ಅಪ್ಪಣೆಯೂ ಬೇಡ. ನಿಮ್ಮ ಓಣಿಗಳಲ್ಲಿ ಹೆಂಗಸರ ಚೀಟಿ ನಡೆಯುತ್ತಲೇ ಇರುತ್ತದೆ ಅಲ್ವಾ? ಅದನ್ನು ಬ್ಯಾಂಕ್ ಖಾತೆಗೆ ತನ್ನಿ, ಮೂವರ ಜಂಟಿ ಸಹಿ ಇಡಿ.

ಒಂದೂವರೆ ವರ್ಷ ಹೊರಗಿರಿ ಅಂದಿದ್ದಾರೆ. ಬಾಡಿಗೆ ಯಾರು ಕೊಡುತ್ತಾರೆ? ಅದಕ್ಕೆ ಉತ್ತರ ಇಲ್ಲದಿದ್ದರೆ ಹಂತ ಹಂತವಾಗಿ ಕಟ್ಟಿ ಎಂದು ಕೇಳಿ. ಕೇರಿಯ ಒಂದು ಮೂಲೆ ಖಾಲಿ ಮಾಡಿ, ಅಲ್ಲಿನ ಮನೆಯವರನ್ನು ಉಳಿದವರ ಹತ್ತಿರ, ಹತ್ತಿರದ ಶೆಡ್‌ಗಳಲ್ಲಿ ಇರಿಸಿ, ಮೊದಲ ಬ್ಲಾಕ್ ಎದ್ದ ಮೇಲೆ ಮುಂದಿನ ಮೂಲೆ. ಗುತ್ತಿಗೆದಾರರಿಗೆ ಇದು ಇಷ್ಟವಾಗಲ್ಲ, ಖರ್ಚು ಬರುತ್ತದೆ ಅನ್ನುತ್ತಾರೆ. ಬರಲಿ. ಇಡೀ ಕೇರಿ ಒಂದೇ ದಿನ ಖಾಲಿಯಾದರೆ ಕೆಲಸ ನಿಂತಾಗ ಕೇಳಲು ಅಲ್ಲಿ ಯಾರೂ ಇರುವುದಿಲ್ಲ. ಹಂತದ ಕೆಲಸದಲ್ಲಿ ಅರ್ಧ ಜನ ಅಲ್ಲೇ ಇರುತ್ತಾರೆ, ಸಿಮೆಂಟ್ ಎಷ್ಟು ಬಿತ್ತು, ಕ್ಯೂರಿಂಗ್‌ಗೆ ನೀರು ಹೊಡೆದರಾ ಎಂದು ನೋಡುತ್ತಿರುತ್ತಾರೆ. ನಿಮ್ಮಲ್ಲೇ ಗಾರೆ ಕೆಲಸದವರು ಎಷ್ಟು ಜನ ಇರಬಹುದು! ಈಜಿಪುರದಂಥ ಕುಸಿತ ತಡೆಯಲು ಅವರ ಕಣ್ಣಿಗಿಂತ ಒಳ್ಳೆಯ ತಪಾಸಣೆ ಇಲ್ಲ.

ಯಾರು ಯಾವ ಮನೆಗೆ ಹೋದರೂ, ಹಂಚಿಕೆ ಪತ್ರ ಹೆಸರು ಸಮೇತ ಕೆಡವುವ ಮುಂಚೆಯೇ ಕೈಗೆ ಬರಬೇಕು. ಮನೆ ನಂಬರ್ ಆಮೇಲೆ ಲಾಟರಿಯಲ್ಲಿ ಬರಲಿ. ಮುದುಕರು, ಅಂಗವಿಕಲರು ಇರುವ ಮನೆಗಳಿಗೆ ಕೆಳ ಮಹಡಿಯಲ್ಲಿ ಆದ್ಯತೆ ಕೊಡಬೇಕೆಂದು ಆವಾಸ್ ಯೋಜನೆಯ ಮಾರ್ಗಸೂಚಿಯೇ ಹೇಳುತ್ತದೆ. ಆ ಮನೆಗಳನ್ನು ಮೊದಲು ತೆಗೆದಿಟ್ಟು ಉಳಿದವಕ್ಕೆ ಎಲ್ಲರ ಎದುರಿಗೆ ಚೀಟಿ ಎತ್ತಿಸಿ. ಅಕ್ಕಪಕ್ಕ ಇದ್ದೇ ಅಭ್ಯಾಸವಾದ ನಾಲ್ಕು ಕುಟುಂಬ ಒಟ್ಟಿಗೆ ಒಂದು ಮಹಡಿ ಕೇಳಿದರೆ ಗುಂಪಾಗಿ ಚೀಟಿ ಎತ್ತಲು ಬಿಡಿ. ರಾತ್ರಿ ಪಾಳಿಗೆ ಹೋಗುವ ತಾಯಿಯ ಮಗುವನ್ನು ನೋಡಿಕೊಳ್ಳುವವರು ಆ ಪಕ್ಕದ ಮನೆಯವರೇ.

ಕೀ ಕೈಗೆ ಬಂದ ಮೇಲೆ ಸಂಘ ಮಲಗಿಬಿಡುತ್ತದೆ. ಬಹಳ ಕಡೆ ಸಮಸ್ಯೆ ಆಗ ಶುರುವಾಗುತ್ತದೆ. ಸಂಪು, ಮೋಟರು, ಮೇಲಿನ ಟ್ಯಾಂಕು, ಮೆಟ್ಟಿಲ ಲೈಟು, ಒಳಚರಂಡಿ ಪೈಪು ಇವು ಯಾರದ್ದೂ ಅಲ್ಲ, ಎಲ್ಲರದ್ದೂ. ಗೃಹಜ್ಯೋತಿ ನಿಮ್ಮ ಮನೆಯ ಮೀಟರಿಗೆ. ಮೋಟರಿನ ಬಿಲ್ಲು ಎಲ್ಲರೂ ಸೇರಿ ಕಟ್ಟಬೇಕು. ಒಂದು ಬ್ಲಾಕಿನ ಹದಿನಾರು ಮನೆ ತಿಂಗಳಿಗೆ 200 ರೂಪಾಯಿ ಹಾಕಿದರೆ 3,200 ಆಯಿತು. ಸಣ್ಣ ರಿಪೇರಿಗೆ, ಲೈಟಿಗೆ, ಸಂಪು ತೊಳೆಸಲು ಅದು ಹೇಗೋ ಆಗುತ್ತದೆ. ಮೋಟರ್ ಸುಟ್ಟರೆ ಆಗಲ್ಲ, ಅದಕ್ಕೇ ಮೊದಲೇ ಹೇಳಿದ ಉಳಿತಾಯ ಬೇಕು. ಕೆಳ ಮಹಡಿಯವರು ನಮಗೆ ಮೋಟರ್ ಬೇಡ, ನೇರ ನೀರು ಬರುತ್ತದೆ ಅಂತ ಕೈ ಎತ್ತುವುದು ಖಂಡಿತ. ಆ ನಿಯಮವನ್ನೂ ಚೀಟಿ ಎತ್ತುವ ಮುಂಚೆಯೇ, ಯಾರಿಗೆ ಯಾವ ಮಹಡಿ ಅಂತ ಗೊತ್ತಾಗುವ ಮುಂಚೆಯೇ ಬರೆದು ಸಹಿ ಹಾಕಿಸಿಬಿಡಿ.

ಇನ್ನು ನಿಮ್ಮ ಮನೆಯ ವಿಷಯ. ಆಗುತ್ತದೆ. ಆವಾಸ್ ಯೋಜನೆಯಲ್ಲಿ ಮನೆ ಹೆಂಗಸಿನ ಹೆಸರಲ್ಲಿ ಅಥವಾ ಗಂಡ ಹೆಂಡತಿ ಇಬ್ಬರ ಹೆಸರಲ್ಲಿ ಇರಬೇಕು ಅನ್ನುವುದೇ ನಿಯಮ. ನಿಮ್ಮ ತೊಂದರೆ ನಿಯಮದಲ್ಲಿಲ್ಲ, ದಾಖಲೆಯಲ್ಲಿದೆ. ರೇಷನ್ ಕಾರ್ಡ್‌ನಲ್ಲಿ ಗಂಡನ ಹೆಸರು ಇನ್ನೂ ಇದ್ದರೆ ಕಚೇರಿಯಲ್ಲಿ ಅವರನ್ನೂ ಕರೆತನ್ನಿ ಅನ್ನುತ್ತಾರೆ. ಈಗಲೇ ಕಾರ್ಡ್ ತಿದ್ದಿಸಲು ಅರ್ಜಿ ಕೊಡಿ. ಎಷ್ಟು ವರ್ಷದಿಂದ ಬೇರೆ ಇದ್ದೀರಿ ಎಂದು ಒಂದು ಅಫಿಡವಿಟ್ ಮಾಡಿಸಿ. ಕೇರಿಯ ಸಂಘ ನಿಮ್ಮ ಬಗ್ಗೆ ನಡಾವಳಿಯಲ್ಲಿ ಎರಡು ಸಾಲು ಬರೆದು ಸಹಿ ಹಾಕಿದರೆ ಅದನ್ನೂ ಜೊತೆಗಿಡಿ. ಅರ್ಜಿಯಲ್ಲಿ ಒಂಟಿ ಮಹಿಳೆ ಎಂದೇ ಬರೆಯಿರಿ. ತಿರಸ್ಕಾರ ಮಾಡಿದರೆ ಬಾಯಿ ಮಾತಿಗೆ ವಾಪಸ್ ಬರಬೇಡಿ, ಯಾಕೆ ಅಂತ ಹಿಂಬರಹ, ಅಂದರೆ ಲಿಖಿತ ಉತ್ತರ, ಕೊಡಿ ಎಂದು ಕೇಳಿ. ಹಿಂಬರಹ ಇದ್ದರೆ ಮೇಲಿನವರ ಹತ್ತಿರ ಹೋಗಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ವಕೀಲರ ನೆರವು ಪುಕ್ಕಟೆ ಸಿಗುತ್ತದೆ, ಆದಾಯ ಎಷ್ಟೇ ಇದ್ದರೂ.